ನೆಲ ಬರೆಯದ ನಕ್ಷೆ

ಸೆಲ್ಲಮ್ಮನ ಮಗ್ಗ ಆಡುತ್ತಿದ್ದರೆ ಮಗು ಮಲಗುತ್ತಿತ್ತು, ಮಗ್ಗ ನಿಂತರೆ ಮಗು ಏಳುತ್ತಿತ್ತು. ಇದನ್ನು ಯಾರೂ ಕಲಿಸಿದ್ದಲ್ಲ. ನೆಗಮಂನ ಆ ಮನೆಗೆ ಬಂದ ದಿನದಿಂದ ನಿತ್ಯಾಳ ಕಿವಿಗೆ ಬಿದ್ದದ್ದೇ ಆ ಲಟಕ್ ಲಟಕ್ ಸದ್ದು. ಅವಳಿಗೆ ಅದು ಜೋಗುಳ, ಮೌನವೇ ಗಲಾಟೆ. ಅವಳ ತಾಯಿ ಜಯಪ್ರಿಯಾ ತನ್ನ ಕೆಲಸದ ದಿನವನ್ನೂ ಆ ಮಗ್ಗಕ್ಕೇ ಕಟ್ಟಿಕೊಂಡಿದ್ದಳು. ಅತ್ತೆ ಸೆಲ್ಲಮ್ಮ ಬೆಳಗಿನ ಗಂಜಿ ಕುಡಿದು ಮಗ್ಗದ ಗುಂಡಿಗೆ ಕಾಲಿಳಿಸಿ ಕೂತರೆಂದರೆ ಇವಳು ಮಗುವನ್ನು ತೂಳಿಗೆ ಹಾಕುವಳು. ತೊಲೆಗೆ ಹಳೇ ಸೀರೆ ಕಟ್ಟಿದ ತೊಟ್ಟಿಲಿಗೆ ಆ ಮನೆಯಲ್ಲಿ ತೂಳಿ ಅಂತಲೇ ಹೆಸರು. ಎರಡು ಸಲ ತೂಗಿ, ಮೂರನೆಯದನ್ನು ಮಗ್ಗದ ಸದ್ದಿಗೆ ಬಿಟ್ಟು, ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆಯುವಳು.

ಜಯಪ್ರಿಯಾ ಸಿರುಮುಗೈ ಹುಡುಗಿ. ಅಲ್ಲಿ ರೇಷ್ಮೆ, ಇಲ್ಲಿ ಹತ್ತಿ. ಮಗ್ಗದ ಮನೆಯಿಂದ ಮಗ್ಗದ ಮನೆಗೇ ಬಂದವಳು. ಎರಡೂ ಕಡೆ ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು. ಅವಳು ಮಾತ್ರ ಮಗ್ಗಕ್ಕೆ ಕೂರಲಿಲ್ಲ. ಕೊಯಮತ್ತೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಅಲ್ಲಿನ ಗಣಪತಿ ಬಡಾವಣೆಯಲ್ಲಿ ಬೋರ್‌ವೆಲ್ ಮೋಟಾರಿಗೆ ಸ್ಟಾರ್ಟರ್ ಪೆಟ್ಟಿಗೆ ಮಾಡುವ ಸಣ್ಣ ಕಂಪನಿಯೊಂದಕ್ಕೆ ಸೇರಿದಳು. ಅಲ್ಲಿ ಸರ್ಕ್ಯೂಟಿನ ನಕ್ಷೆ ಬರೆಯುವುದನ್ನು ಕಲಿತಳು, ಗ್ರೀಸು ಮೆತ್ತಿದ ಪೆಟ್ಟಿಗೆ ಬಿಚ್ಚುವುದನ್ನು ಕಲಿತಳು, ಟೀ ಬರುವ ಹೊತ್ತಿಗೆ ಕೈ ತೊಳೆದಿರಬೇಕು ಅನ್ನುವುದನ್ನೂ ಕಲಿತಳು. ಮದುವೆಯಾಗಿ ನೆಗಮಂಗೆ ಬಂದ ಮೇಲೂ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಳು. ನಿತ್ಯಾ ಹುಟ್ಟಿದ ಮೇಲೆ ಅದು ನಿಂತಿತು.

ರಜೆ ಮುಗಿಯುತ್ತಾ ಬಂದಾಗ ಅವಳೇ ಧೈರ್ಯ ಮಾಡಿ ಮೋಹನ್ ರಾಜ್ ಸಾರ್‌ಗೆ ಫೋನು ಮಾಡಿದ್ದಳು. ಸ್ಟಾರ್ಟರಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಮಾಡುವ ಮುಂಚೆ ಅದನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಷನ್ ಕೆಲಸ ಇದೆಯಲ್ಲ, ಅದನ್ನು ಮನೆಯಿಂದಲೇ ಮಾಡುತ್ತೇನೆ ಎಂದು. ಕಂಪನಿಯ ಯಜಮಾನ ಅವರು. ಕೆಟ್ಟವರಲ್ಲ, ಆದರೆ ಕಣ್ಣೆದುರು ಕಾಣದ ಕೆಲಸವನ್ನು ಕೆಲಸ ಅಂತ ಒಪ್ಪಲು ಸ್ವಲ್ಪ ಕಷ್ಟಪಡುವವರು. ಕೊನೆಗೆ ಒಂದು ಮಾತಿಗೆ ಬಂದರು. ಹೊಸ ಬೋರ್ಡೊಂದು ಇದೆ, ಅದನ್ನು ಮನೆಯಲ್ಲೇ ಕೂತು ಓಡಿಸಿ ಶುಕ್ರವಾರ ಎಲ್ಲರೆದುರು ತೋರಿಸಲಿ. ಓಡಿದರೆ ಹೀಗೇ ಮುಂದುವರಿಯಲಿ. ಇಲ್ಲವಾದರೆ ಒಂದನೇ ತಾರೀಕಿನಿಂದ ಆಫೀಸಿಗೆ ಬರಬೇಕು, ದಿನಾ.

ದಿನಾ ಅಂದರೆ ನಿತ್ಯಾ ಏಳುವ ಮುಂಚೆ ಬಸ್ಸು, ಅವಳು ಮಲಗುವ ಹೊತ್ತಿಗೆ ವಾಪಸ್ಸು. ಹತ್ತು ತಿಂಗಳ ಮಗು ತಾಯಿಯನ್ನು ನಿದ್ದೆಗಣ್ಣಿನಲ್ಲೇ ನೋಡಿಕೊಂಡು ಬೆಳೆಯಬೇಕು.

ಸೆಲ್ಲಮ್ಮನ ಕಿವಿಗೂ ಈ ವಿಷಯ ಬಿತ್ತು. ಪೊಳ್ಳಾಚಿ ಸಂತೆಗೆ ಹೋಗಿದ್ದವರು ಒಂದು ಮೂರಂತಸ್ತಿನ ಸ್ಟೀಲಿನ ಊಟದ ಕ್ಯಾರಿಯರ್ ತಂದು ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟರು. ಅಂಟಿಸಿದ್ದ ಕಾಗದವನ್ನೂ ಕಿತ್ತಿರಲಿಲ್ಲ. ಯಾಕೆ ಅಂತ ಜಯಪ್ರಿಯಾಗೆ ತಿಳಿಯಿತು. ಸೊಸೆ ಬಸ್ಸು ಹತ್ತುವವಳೇ ಎಂದು ಅತ್ತೆ ಲೆಕ್ಕ ಹಾಕಿಬಿಟ್ಟಿದ್ದಾರೆ, ಹತ್ತುವಾಗ ಹಸಿದಿರಬಾರದು ಅಂತಲೂ ಹಾಕಿದ್ದಾರೆ. ಸಾಂಬಾರಿಗೆ ಬೇಳೆ ತೆಗೆಯಲು ಹೋದಾಗಲೆಲ್ಲ ಆ ಕ್ಯಾರಿಯರ್ ಮೇಲಿನಿಂದ ಹೊಳೆಯುತ್ತಿತ್ತು.

ಬೋರ್ಡಿನ ಕೆಲಸ ಹೇಳಲು ಸುಲಭ. ಬೋರ್‌ವೆಲ್ ಮೋಟಾರಿಗೆ ಕರೆಂಟು ಮೂರು ತಂತಿಯಲ್ಲಿ ಬರುತ್ತದೆ, ಮೂರು ಫೇಸ್. ಒಂದು ಫೇಸ್ ಹೋಗಿ ಎರಡರಲ್ಲೇ ಮೋಟಾರು ಎಳೆದಾಡಿದರೆ ಒಳಗಿನ ಸುರುಳಿ ಸುಟ್ಟು ಹೋಗುತ್ತದೆ. ಅದಕ್ಕೆ ಮೊದಲೇ ಬೋರ್ಡು ಅದನ್ನು ಕಂಡುಹಿಡಿದು ಮೋಟಾರನ್ನು ನಿಲ್ಲಿಸಬೇಕು. ಮೂರು ತಂತಿಗೆ ಮೂರು ಸೆನ್ಸರು, ಆದರೆ ಕೇಳಿಸಿಕೊಳ್ಳುವ ಚಿಪ್ಪಿಗೆ ಒಂದೇ ಕಿವಿ. ಮೂವರು ಒಟ್ಟಿಗೆ ಮಾತಾಡಿದರೆ ಏನು ತಿಳಿದೀತು? ಹಾಗಾಗಿ ನಡುವೆ ಅನಲಾಗ್ ಸ್ವಿಚ್ ಅನ್ನುವ ಒಂದು ಸಣ್ಣ ಭಾಗ. ಅದು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆ ಕಿವಿಗೆ ಜೋಡಿಸುತ್ತದೆ, ಬಿಡಿಸುತ್ತದೆ. ಸಿಮ್ಯುಲೇಷನ್ನಿನಲ್ಲಿ ನಿಜವಾದ ಸ್ವಿಚ್ ಇರುವುದಿಲ್ಲ, ಅದರ ನಡತೆಯನ್ನು ಬರೆದಿಟ್ಟ ಒಂದು ಮಾಡೆಲ್ ಇರುತ್ತದೆ. ತಕರಾರು ಮೊದಲು ಎದ್ದದ್ದು ಆ ಮಾಡೆಲಿನಲ್ಲಿ.

ಸೋಮವಾರ ಮೊದಲ ಸಲ ಓಡಿಸಿದಾಗ ಓಡಲೇ ಇಲ್ಲ. ಕೆಂಪು ಅಕ್ಷರ ಬಂತು. ಜಯಪ್ರಿಯಾ ಗಾಬರಿ ಬೀಳುವವಳಲ್ಲ. ಸ್ವಿಚ್ ಮಾಡುವವರು ಕೊಟ್ಟಿದ್ದ ಮಾಡೆಲ್ ಫೈಲನ್ನೇ ತೆರೆದು ಸಾಲು ಸಾಲಾಗಿ ಓದಿದಳು. ಫೈಲಿನಲ್ಲಿ ಸ್ವಿಚ್ಚಿನ ಕಾಲುಗಳ, ಅಂದರೆ ಪಿನ್ನುಗಳ, ಕ್ರಮ ಒಂದು ಥರ, ಅವಳ ನಕ್ಷೆಯ ಚಿತ್ರದಲ್ಲಿ ಇನ್ನೊಂದು ಥರ. ಮೇಲಾಗಿ ಸ್ವಿಚ್ಚಿಗೆ ಕರೆಂಟು ಕೊಡುವ ಎರಡು ಕಾಲುಗಳು ಚಿತ್ರದಲ್ಲಿ ಇರಲೇ ಇಲ್ಲ. ಅಂಗಿಯ ಗುಂಡಿ ಒಂದು ಕಾಜ ತಪ್ಪಿದರೆ ಕೊನೆಯವರೆಗೂ ತಪ್ಪಿದ ಹಾಗೆ. ಎಲ್ಲ ಬಿಚ್ಚಿ ಮತ್ತೆ ಹಾಕಿದಳು. ಓಡಿಸಿದಳು. ಬೇರೆ ಕೆಂಪು ಅಕ್ಷರ ಬಂತು.

ಅವಳಿಗೆ ಅದರಿಂದ ಸ್ವಲ್ಪ ಸಮಾಧಾನವೇ ಆಯಿತು. ಮಗು ಸಾಕಿದವರಿಗೆ ಇದು ಗೊತ್ತು: ಅಳುವಿನ ದನಿ ಬದಲಾದರೆ ಹಸಿವು ತೀರಿತು, ಇನ್ನು ಬೇರೇನೋ ಇದೆ ಅಂತ ಅರ್ಥ.

ಈ ಸಲದ ತಕರಾರು, ನಕ್ಷೆಯ ಒಂದು ಜಾಗಕ್ಕೆ ಎಷ್ಟು ವೋಲ್ಟ್ ಅಂತ ಕಂಡುಹಿಡಿಯಲು ಆಗುತ್ತಿಲ್ಲ ಎಂಬುದು. ಅವಳು ಹಿನಾಗೆ ಫೋನು ಹಚ್ಚಿದಳು. ಹಿನಾ ಆಫೀಸಿನಲ್ಲಿ ಅವಳ ಪಕ್ಕದ ಮೇಜಿನವಳು, ದಾವಣಗೆರೆಯಿಂದ ಕೆಲಸಕ್ಕೆ ಬಂದವಳು. ಇಡೀ ಕಂಪನಿಯಲ್ಲಿ ಇಬ್ಬರೇ ಕನ್ನಡದವರು ಅಂತ ಮೊದಲ ದಿನವೇ ಜೊತೆಯಾದವರು. ಜಯಪ್ರಿಯಾಳ ಕನ್ನಡ ಕೇಳಿದಾಗಲೆಲ್ಲ ಹಿನಾಗೆ ನಗು, ನಿನ್ನ ಮಾತಿನಲ್ಲಿ ಕನ್ನಡ ಸಾರಿನೊಳಗಿನ ಕರಿಬೇವಿನ ಹಾಗೆ ಅಲ್ಲಲ್ಲಿ ಸಿಗುತ್ತದೆ ಅನ್ನುವಳು. ನಿನ್ನ ತಮಿಳಿನಲ್ಲಿ ಕರಿಬೇವೂ ಇಲ್ಲವಲ್ಲ ಎಂದು ಇವಳು ತಿರುಗಿಸುವಳು.

ಹಿನಾ ಫೋನಿಗೆ ಬಂದ ತೆರೆಯ ಚಿತ್ರವನ್ನು ನೋಡಿ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಡ ಎಂದಳು. ಸಾಫ್ಟ್‌ವೇರಿನಲ್ಲೇ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ನಕ್ಷೆಯ ಎಲ್ಲ ಜಾಗದಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆಯನ್ನು ಅದೇ ಸೇರಿಸಿಕೊಳ್ಳುತ್ತದೆ, ಲೆಕ್ಕ ಕೂಡುತ್ತದೆ. ತಾನೂ ಎಷ್ಟೋ ಸಲ ಹಾಗೇ ಪಾರಾಗಿದ್ದೇನೆ ಎಂದಳು. ಜಯಪ್ರಿಯಾ ಒತ್ತಿದಳು. ಓಡಿತು. ಮೂರು ಬಣ್ಣದ ಅಲೆಗಳು ಒಂದರ ಹಿಂದೊಂದು, ಜಡೆ ಹೆಣೆದಂತೆ ಹರಡಿಕೊಂಡವು.

ಮಧ್ಯಾಹ್ನ ಅವಳ ಗಂಡ ಧನಪಾಲ್ ಆನೈಮಲೈ ಕಡೆಯ ತೋಟದಿಂದ ಬಂದ. ತೆಂಗಿನಕಾಯಿ ವ್ಯಾಪಾರ ಅವನದು. ಲಾರಿಗೆ ಹತ್ತದೆ ಉಳಿದ ನಾಲ್ಕು ಎಳನೀರು ಜೊತೆಗಿತ್ತು. ಲ್ಯಾಪ್‌ಟಾಪಿನಲ್ಲಿ ಬಣ್ಣದ ಅಲೆ ನೋಡಿ, ಹಾಗಾದರೆ ಗೆದ್ದೆ ಅನ್ನು ಎಂದ. ಜಯಪ್ರಿಯಾ ಎಳನೀರು ಕುಡಿಯುತ್ತಾ ಹೂಂ ಎಂದಳು. ಆದರೆ ಕೈ ಸುಮ್ಮನಿರಲಿಲ್ಲ. ಮೋಟಾರಿನ ಮೂರನೇ ತಂತಿಯನ್ನು ನಕ್ಷೆಯಲ್ಲಿ ಕತ್ತರಿಸಿ ಮತ್ತೆ ಓಡಿಸಿದಳು. ಬೋರ್ಡು ಇರುವುದೇ ಆ ಒಂದು ಗಳಿಗೆಗೆ. ಮೂರನೇ ಅಲೆ ಸಪಾಟಾಗಿ ಮಲಗಬೇಕಿತ್ತು.

ಮಲಗಲಿಲ್ಲ. ಎರಡನೇ ಅಲೆಯ ನೆರಳಿನ ಹಾಗೆ ಅದೂ ಕುಣಿಯುತ್ತಿತ್ತು.

ಸತ್ತ ತಂತಿ ಬದುಕಿದೆ ಎಂದು ಬೋರ್ಡು ಹೇಳುತ್ತಿತ್ತು. ಎಳನೀರು ಕೆಳಗಿಟ್ಟಳು. ಏನಾಯಿತು ಎಂದು ಧನಪಾಲ್ ಕೇಳಿದ. ಇದನ್ನು ನಂಬಿ ಯಾರಾದರೂ ಮೋಟಾರು ಹಾಕಿದರೆ ಸುಟ್ಟು ಹೋಗುತ್ತೆ ಅಂದಳು. ಅವನು, ಶುಕ್ರವಾರ ಯಾರಾದರೂ ಇದನ್ನು ಕೇಳುತ್ತಾರಾ ಎಂದ.

"ಕೇಳದೇ ಇರಬಹುದು."

"ಅಪ್ಪುರಂ?" ಮತ್ತೇನು ಅಂತ ಅವನ ಪ್ರಶ್ನೆ.

"ಅಪ್ಪುರಂ ಏನುಂಗ, ನಾನೇ ಕೇಳ್ಕೊಂಡ್ನಲ್ಲ."

ಧನಪಾಲ್‌ಗೆ ಅದು ಅರ್ಥವಾಯಿತು. ಒಳಗೆ ನೀರಿದೆಯೇ ಎಂದು ಅಲುಗಿಸಿ ನೋಡದೆ ಒಂದು ಕಾಯಿಯನ್ನೂ ಲಾರಿಗೆ ಏರಿಸುವವನಲ್ಲ ಅವನು.

ಮರುದಿನದಿಂದ ಅವಳು ಸೋರಿಕೆಯ ಆಯ್ಕೆಯನ್ನು ತೆಗೆದುಹಾಕಿ ಮೊದಲಿಂದ ಶುರು ಮಾಡಿದಳು. ಅವಳ ರೀತಿ ಒಂದೇ: ಕೆಟ್ಟಿರುವುದು ಎಲ್ಲಿ ಅಂತ ಗೊತ್ತಾಗದಿದ್ದರೆ ಅರ್ಧ ತೆಗೆದು ನೋಡು. ಸೆನ್ಸರು ತೆಗೆದಳು, ಚಿಪ್ಪು ತೆಗೆದಳು; ಒಂದು ಬ್ಯಾಟರಿ, ಒಂದು ಸ್ವಿಚ್, ಒಂದು ಬಲ್ಬಿನಂಥ ಭಾರ, ಇಷ್ಟೇ ಉಳಿಸಿದಳು. ಓಡಿತು. ಹಾಗಾದರೆ ಸ್ವಿಚ್ಚಿನ ಮಾಡೆಲು ಕೆಟ್ಟಿಲ್ಲ. ಎರಡನೇ ಸ್ವಿಚ್ ಸೇರಿಸಿದಳು, ಓಡಿತು. ಮೂರನೆಯದು, ಅದೂ ಓಡಿತು. ಆದರೆ ಒಂದು ಕಡೆ ಎಡವಿ, ಕಾಲದ ಹೆಜ್ಜೆ ತೀರಾ ಸಣ್ಣದಾಯಿತು ಎಂದು ಗೊಣಗಿ ನಿಂತಿತು. ನೋಡಿದರೆ ಅವಳ ಸ್ವಿಚ್ಚು ಗೋಡೆಯಿಂದ ಬಯಲಿಗೆ ಒಂದೇ ಜಿಗಿತದಲ್ಲಿ ಹಾರುತ್ತಿತ್ತು. ಪೂರ್ತಿ ಮುಚ್ಚಿದ್ದು ಆ ಕ್ಷಣಕ್ಕೇ ಪೂರ್ತಿ ತೆರೆದದ್ದು. ಲೋಕದಲ್ಲಿ ಯಾವ ಬಾಗಿಲೂ ಹಾಗೆ ತೆರೆಯುವುದಿಲ್ಲ. ಆ ಜಿಗಿತವನ್ನು ಸ್ವಲ್ಪ ಇಳಿಜಾರು ಮಾಡಿದಳು, ಸ್ವಿಚ್ಚು ಮೆಲ್ಲಗೆ ತೆರೆದು ಮೆಲ್ಲಗೆ ಮುಚ್ಚುವಂತೆ. ಗೊಣಗಾಟ ನಿಂತಿತು.

ಬ್ಯಾಟರಿಯ ಜಾಗಕ್ಕೆ ಮತ್ತೆ ಸೆನ್ಸರುಗಳನ್ನು ಹಾಕಿದಳು. ಅದೇ ಹಳೇ ಕೆಂಪು ಅಕ್ಷರ.

ಅಲ್ಲಿಗೆ ಕಳ್ಳ ಯಾವ ಕೋಣೆಯಲ್ಲಿದ್ದಾನೆ ಅಂತ ಗೊತ್ತಾಯಿತು, ಯಾರು ಅಂತ ಗೊತ್ತಾಗಲಿಲ್ಲ. ಸೆನ್ಸರಿನ ಭಾಗವನ್ನು ಹತ್ತಾರು ಸಲ ನೋಡಿದಳು. ಚೆನ್ನಿಯಪ್ಪನ್ ಅಣ್ಣ ಕಲಿಸಿಕೊಟ್ಟ ಹಾಗೇ ಇತ್ತು. ಚೆನ್ನಿಯಪ್ಪನ್ ಕಂಪನಿಯ ಹಿರಿಯ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಅವರ ಕೈ ಆಡದ ಮೂಲೆ ಇಲ್ಲ. ಜಯಪ್ರಿಯಾ ಸೇರಿದಾಗ ಪೆನ್ಸಿಲು ಹಿಡಿಸಿ ನಕ್ಷೆ ಬರೆಯುವುದನ್ನು ಕಲಿಸಿದವರು ಅವರೇ. ಅವರ ನಕ್ಷೆ ನೋಡಲು ಚೆಂದ, ಒಂದು ಗೆರೆ ಜಾಸ್ತಿ ಇಲ್ಲ. ಇವಳದೂ ಹಾಗೇ ಇತ್ತು, ಎಲ್ಲಿಯೂ ಬೆರಳಿಡುವ ಹಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ನಿತ್ಯಾ ಮಲಗಲಿಲ್ಲ. ಹಲ್ಲು ಬರುವ ಕಾಲ. ತೂಳಿಯಲ್ಲಿ ಹಾಕಿದರೆ ಕಾಲು ಹೊರಗೆ, ಎತ್ತಿಕೊಂಡರೆ ಕೈ ಲ್ಯಾಪ್‌ಟಾಪಿನ ಮೇಲೆ. ಒಂದು ಸಲ ಅವಳು ಬಡಿದ ಬಡಿತಕ್ಕೆ ಅರ್ಧ ನಕ್ಷೆ ಮಾಯವಾಗಿ ವಾಪಸ್ಸು ತರಬೇಕಾಯಿತು. ಕೊನೆಗೆ ಜಯಪ್ರಿಯಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮಗ್ಗದ ಕೋಣೆಗೆ ಹೋದಳು. ಅತ್ತೆ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು, ಎದುರಿಗೆ ಚಾಚಿದ ಹಾಸುನೂಲು, ಅದರಾಚೆ ಇವಳು. ಅವಸರದಲ್ಲಿ ನೂಲಿನ ಮೇಲಿನಿಂದಲೇ ಮಗುವನ್ನು ಚಾಚಿದಳು.

ಸೆಲ್ಲಮ್ಮ ಕೈ ಚಾಚಲಿಲ್ಲ. ಲಾಳಿಯನ್ನು ಪಕ್ಕಕ್ಕಿಟ್ಟರು.

"ಕೆಳಗ್ ಬುಡು ಕಣ್ಣು. ನಾ ಎತ್ಕೋತೀನಿ." ಸೊಸೆಯನ್ನು ಮುದ್ದಿಗೆ ಕಣ್ಣು ಅಂತಲೇ ಕರೆಯುವರು.

ಆ ಮನೆಯ ಪದ್ಧತಿ ಅದು. ಮಗ್ಗದಲ್ಲಿ ಕೂತವರ ಕೈಗೆ ಮಗುವನ್ನು ಹಾಸಿನ ಮೇಲಿನಿಂದ ಕೊಡಬಾರದು. ಪಕ್ಕದ ಚಾಪೆಯ ಮೇಲೆ ಬಿಡಬೇಕು; ಕೊಟ್ಟವರು ಕೈ ತೆಗೆಯಬೇಕು, ಆಮೇಲೆ ತೆಗೆದುಕೊಳ್ಳುವವರು ಎತ್ತಬೇಕು. ಶಾಸ್ತ್ರವೋ, ನೂಲು ಕಡಿದೀತು ಅನ್ನುವ ಭಯವೋ, ಎಂದೋ ಯಾರ ಕೈಯಿಂದಲೋ ಮಗು ಜಾರಿತ್ತೋ, ಕೇಳಿದರೆ ಸೆಲ್ಲಮ್ಮನಿಗೂ ಗೊತ್ತಿಲ್ಲ; ಅವರ ಅತ್ತೆ ಹಾಗೇ ಮಾಡಿಸುತ್ತಿದ್ದರು. ಜಯಪ್ರಿಯಾಗೆ ಇದು ಹೊಸದಲ್ಲ, ಅವಸರದಲ್ಲಿ ಮರೆತಿದ್ದಳು. ಸುತ್ತು ಬಂದು ಮಗುವನ್ನು ಚಾಪೆಯ ಮೇಲೆ ಕೂರಿಸಿ ಕೈ ಬಿಟ್ಟಳು. ನಿತ್ಯಾ ಇತ್ತ ಅವಳನ್ನೂ ಅತ್ತ ಅಜ್ಜಿಯನ್ನೂ ನೋಡಿ, ಇಬ್ಬರೂ ಹಿಡಿದಿಲ್ಲವೆಂದು ತಿಳಿದು, ಎರಡೂ ಅಂಗೈಯನ್ನು ಚಾಪೆಗೆ ಊರಿ ಗಟ್ಟಿಯಾಗಿ ಕೂತಳು. ಆಮೇಲೆ ಅಜ್ಜಿ ಎತ್ತಿಕೊಂಡರು.

ಜಯಪ್ರಿಯಾ ಅಲ್ಲೇ ನಿಂತಳು. ಒಂದು ಕೈ ಬಿಟ್ಟ ಮೇಲೆ, ಇನ್ನೊಂದು ಕೈ ಹಿಡಿಯುವ ಮುಂಚೆ, ಮಗು ಯಾರ ಕೈಯಲ್ಲೂ ಇರಲಿಲ್ಲ. ಬೀಳಲೂ ಇಲ್ಲ, ಕೆಳಗೆ ನೆಲ ಇತ್ತು. ತನ್ನ ನಕ್ಷೆಯಲ್ಲೂ ಒಂದು ಸ್ವಿಚ್ ಬಿಟ್ಟ ಮೇಲೆ, ಇನ್ನೊಂದು ಹಿಡಿಯುವ ಮುಂಚೆ, ಚಿಪ್ಪಿನ ಕಿವಿಗೆ ಹೋಗುವ ತಂತಿ ಯಾರ ಕೈಯಲ್ಲೂ ಇರುವುದಿಲ್ಲ. ಅದರ ಕೆಳಗೆ ಏನಿದೆ?

ಏನೂ ಇರಲಿಲ್ಲ. ಓಡಿ ಹೋಗಿ ನೋಡಿದಳು. ತಂತಿಯ ಕೆಳಗೆ ಇಲ್ಲ, ಅಷ್ಟೇ ಅಲ್ಲ. ಮೂರು ಸೆನ್ಸರುಗಳ ಬಾಲಗಳನ್ನು ಒಂದಕ್ಕೊಂದು ಗಂಟು ಹಾಕಿ ಹಾಗೇ ಗಾಳಿಯಲ್ಲಿ ಬಿಟ್ಟಿದ್ದಳು. ಸಾಫ್ಟ್‌ವೇರು ಸೊನ್ನೆ ವೋಲ್ಟ್ ಎಂದು ಎಣಿಸಲು ಶುರು ಮಾಡುವ ಗ್ರೌಂಡಿಗೆ ಆ ಗಂಟು ಸೇರಿರಲೇ ಇಲ್ಲ. ಸತ್ತ ಸೆನ್ಸರಿನ ಸರದಿ ಬಂದಾಗ ತಂತಿಯಲ್ಲಿ ಹಿಂದಿನವನು ಬಿಟ್ಟುಹೋದದ್ದೇ ಉಳಿದಿರುತ್ತಿತ್ತು, ಇಳಿದು ಹೋಗಲು ದಾರಿ ಇಲ್ಲದೆ. ಅದೇ ಆ ಕುಣಿಯುವ ನೆರಳು.

ಯಾಕೆ ಕಾಣಲಿಲ್ಲ ಅಂತ ಯೋಚಿಸಿದಾಗ ಅವಳಿಗೆ ನಗು ಬಂತು. ತೋಟದ ಮೋಟಾರಿಗೆ ಬರುವುದು ಮೂರೇ ತಂತಿ. ನಾಲ್ಕನೆಯ ನ್ಯೂಟ್ರಲ್ ಅದಕ್ಕೆ ಬೇಡ, ಯಾರೂ ಪೆಟ್ಟಿಗೆಯವರೆಗೆ ಎಳೆಯುವುದಿಲ್ಲ. ಹಾಗಾಗಿ ಈ ಕಡೆಯ ಸ್ಟಾರ್ಟರಿನವರು ನಕ್ಷೆಯಲ್ಲೂ ಮೂರೇ ಗೆರೆ ಬರೆದು, ತುದಿ ಮೂರನ್ನೂ ಗಂಟು ಹಾಕಿ, ಪೆನ್ಸಿಲು ಕೆಳಗಿಡುತ್ತಾರೆ. ಮೋಟಾರಿಗೆ ಅದು ಸರಿ. ಆ ಅಭ್ಯಾಸದಲ್ಲೇ ಅವಳು ಸೆನ್ಸರಿಗೂ ಅದೇ ಗಂಟು ಹಾಕಿದ್ದಳು. ಹತ್ತಾರು ಸಲ ನೋಡಿದರೂ ಅದು ತಪ್ಪು ಅಂತ ಕಣ್ಣಿಗೆ ಬೀಳಲಿಲ್ಲ, ಮನೆಯ ಗೋಡೆಯ ಬಿರುಕು ಮನೆಯವರಿಗೆ ಕಾಣದ ಹಾಗೆ.

ಗಂಟಿನಿಂದ ಗ್ರೌಂಡಿಗೆ ಒಂದು ಗೆರೆ ಎಳೆದಳು. ಕಿವಿಯ ತಂತಿಯಿಂದ ಕೆಳಕ್ಕೆ ಒಂದು ದೊಡ್ಡ ರೆಸಿಸ್ಟರ್ ಇಟ್ಟಳು, ಯಾರೂ ಹಿಡಿಯದ ಗಳಿಗೆಗೆ ಒಂದು ಚಾಪೆಯ ಹಾಗೆ. ಓಡಿಸಿದಳು. ಕೆಂಪು ಅಕ್ಷರ ಇಲ್ಲ. ಮೂರನೇ ಫೇಸ್ ಕತ್ತರಿಸಿದಳು. ಮೂರನೇ ಅಲೆ ಸಪಾಟಾಗಿ ಮಲಗಿತು. ಎರಡನೆಯದನ್ನು ಕತ್ತರಿಸಿದಳು, ಮೊದಲನೆಯದನ್ನು ಕತ್ತರಿಸಿದಳು; ಕತ್ತರಿಸಿದ್ದೆಲ್ಲ ಮಲಗಿತು. ಪಕ್ಕದ ಕೋಣೆಯಲ್ಲಿ ಅಜ್ಜಿಯ ಮಡಿಲಲ್ಲಿ ನಿತ್ಯಾಳೂ ಮಲಗಿದ್ದಳು.

ಶುಕ್ರವಾರದ ಕರೆಗೆ ಜಯಪ್ರಿಯಾ ತಲೆ ಬಾಚಿ, ಹಿಂದಿನ ಗೋಡೆಯಲ್ಲಿ ಒಣಗಿದ್ದ ಮಗುವಿನ ಬಟ್ಟೆ ತೆಗೆದು ಕೂತಳು. ತೆರೆಯ ಮೇಲೆ ಮೋಹನ್ ರಾಜ್ ಸಾರ್, ಪಕ್ಕದಲ್ಲಿ ಹಿನಾ, ಹಿಂದೆ ಕನ್ನಡಕ ಹಣೆಗೇರಿಸಿದ ಚೆನ್ನಿಯಪ್ಪನ್. ಮಾತು ತಮಿಳಿನಲ್ಲಿ ಶುರುವಾಯಿತು. ಸೊಸೆಗೆ ದೊಡ್ಡ ಕರೆ ಇದೆ, ಸದ್ದಾಗಬಾರದು ಅಂತ ಸೆಲ್ಲಮ್ಮ ಮರ್ಯಾದೆಗೆ ಮಗ್ಗ ನಿಲ್ಲಿಸಿದರು. ಅಷ್ಟೇ ತಡ, ತೂಳಿಯಲ್ಲಿ ನಿತ್ಯಾ ಎದ್ದು ಬಾಯಿ ತೆಗೆದಳು. ಮೋಹನ್ ರಾಜ್ ಅವರ ಹುಬ್ಬು ಮೇಲೇರಿತು. ಜಯಪ್ರಿಯಾ ಬಾಗಿಲ ಕಡೆ ತಿರುಗಿ, ಅತ್ತೆ, ಮಗ್ಗ ಆಡಿಸಿ ಎಂದಳು. ಲಟಕ್ ಲಟಕ್ ಮತ್ತೆ ಶುರುವಾಯಿತು. ಅಳು ಇಳಿದು, ಮುಲುಕಿ, ನಿಂತಿತು. ಹಿನಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಈ ಸದ್ದು ಪರವಾಗಿಲ್ಲ, ಪೆಟ್ಟಿಗೆಯ ತಗಡು ಒತ್ತುವ ನಮ್ಮ ಪ್ರೆಸ್ಸಿನ ಸದ್ದಿಗಿಂತ ಕಮ್ಮಿ, ಮುಂದುವರಿಸು ಎಂದರು ಮೋಹನ್ ರಾಜ್.

ಸೋರಿಕೆಯ ಆಯ್ಕೆಯನ್ನು ಯಾಕೆ ತೆಗೆದೆ ಎಂದು ಹೇಳಿ ಅವಳು ಓಡಿಸಿ ತೋರಿಸಿದಳು. ಮೂರು ಅಲೆ ಬಂತು. ಅವರು ಸ್ವಲ್ಪ ಹೊತ್ತು ನೋಡಿ, ಒಂದು ಫೇಸ್ ತೆಗೆ ನೋಡೋಣ ಎಂದರು. ಅವಳು ತೆಗೆದಳು. ಅಲೆ ಮಲಗಿತು, ಕೆಳಗೆ ಮೋಟಾರಿನ ಗೆರೆಯೂ ನಿಂತಿತು. ಇನ್ನೊಂದು ತೆಗೆ ಎಂದರು. ಅದೂ ನಿಂತಿತು. ಆಮೇಲೆ ಅವರು ಏನನ್ನೂ ತೆಗೆಸಲಿಲ್ಲ.

ಚೆನ್ನಿಯಪ್ಪನ್ ಮುಂದೆ ಬಾಗಿ, ಕನ್ನಡಕ ಇಳಿಸಿ ನಕ್ಷೆಯ ಮೂಲೆಯನ್ನು ನೋಡಿದರು.

"ಅದೇನಮ್ಮಾ ಅಲ್ಲಿ ಒಂದು ಗೆರೆ ಜಾಸ್ತಿ? ಇಷ್ಟು ವರ್ಷ ಬರೆದಿದ್ದೀನಿ, ಯಾವ ಮೋಟಾರೂ ನನ್ನ ಹತ್ರ ಅದನ್ನ ಕೇಳಿಲ್ಲ."

"ಮೋಟಾರ್ ಕೇಳಲ್ಲ ಅಣ್ಣಾ. ಈ ಚಿಪ್ಪು ಕೇಳುತ್ತೆ. ನೀವು ಕಲಿಸಿದ್ದೆಲ್ಲ ಹಾಗೇ ಇದೆ, ಕೆಳಗೆ ನೆಲ ಮಾತ್ರ ಹಾಕಿದ್ದೀನಿ."

ಅವರು ಒಂದು ಗಳಿಗೆ ಮತ್ತೆ ನೋಡಿದರು. ಬೋರ್ಡು ತಯಾರಾದಾಗ ಆ ಗೆರೆಗೆ ಹಸಿರು ತಂತಿ ಹಾಕಲು ಹೇಳು, ಕರಿ ತಂತಿ ಹಾಕಿದರೆ ನಮ್ಮ ಹುಡುಗರು ಬೇಡದ ನ್ಯೂಟ್ರಲ್ ಅಂದುಕೊಂಡು ಅಭ್ಯಾಸ ಬಲದಲ್ಲಿ ಕತ್ತರಿಸಿ ಎಸೆಯುತ್ತಾರೆ ಎಂದರು. ಅದು ಅವರ ಒಪ್ಪಿಗೆ. ಮೋಹನ್ ರಾಜ್ ಅವರ ಒಪ್ಪಿಗೆ ಇನ್ನೂ ಚಿಕ್ಕದು: ಸಿಮ್ಯುಲೇಷನ್ ಮನೆಯಲ್ಲೇ ಮಾಡು, ನಿಜವಾದ ಬೋರ್ಡ್ ಮೇಜಿಗೆ ಬಂದಾಗ ಮಾತ್ರ ವಾರಕ್ಕೊಂದು ದಿನ, ಬುಧವಾರ, ಬಂದು ಕೈಯಾರೆ ನೋಡಿ ಹೋಗು. ಆಗುತ್ತಾ ಎಂದರು. ಆಗುತ್ತೆ ಸಾರ್ ಎಂದಳು. ತೆರೆ ಮುಚ್ಚುವ ಮುಂಚೆ ಹಿನಾ, ಆ ಸೋರಿಕೆಯ ಆಯ್ಕೆ ಒತ್ತಿ ಪಾರಾದ ನನ್ನ ಹಳೇ ನಕ್ಷೆಗಳನ್ನೂ ಇವತ್ತೇ ತೆಗೆದು ನೋಡ್ತೀನಿ ಕಣೇ, ತಲೆಯಲ್ಲಿ ಹುಳ ಬಿಟ್ಟೆ ನೀನು ಎಂದು ಕನ್ನಡದಲ್ಲಿ ಮೆಸೇಜು ಕಳಿಸಿದಳು. ಕನ್ನಡ ಮಾತು ಬಂದರೂ ಅದರ ಅಕ್ಷರ ಓದಲು ಬಾರದ ಜಯಪ್ರಿಯಾ ದನಿಯಲ್ಲಿ ಕಳಿಸು ಅಂತ ಕೇಳಿ, ಎರಡು ಸಲ ಹಾಕಿಕೊಂಡು ಕೇಳಿ ನಕ್ಕಳು.

ಮಗ್ಗದ ಕೋಣೆಗೆ ಬಂದು ಸುದ್ದಿ ಹೇಳಿದಾಗ ಸೆಲ್ಲಮ್ಮ ಲಾಳಿ ನಿಲ್ಲಿಸಲಿಲ್ಲ, ಮಗು ಏಳುತ್ತದೆ ಅಂತ. ಆಡಿಸುತ್ತಲೇ ಕೇಳಿದರು.

"ದಿನಾ ಬಸ್ ಇಲ್ಲ ತಾನೆ?"

"ಇಲ್ಲ ಅತ್ತೆ. ಬುಧವಾರ ಒಂದು ದಿನ."

"ಶರಿ. ಒಂದು ದಿನ ಆದ್ರೂ ಹೊಟ್ಟೆ ಹೊಟ್ಟೆ ತಾನೆ."

ಅಷ್ಟೇ ಅಂದರು. ಆದರೆ ಸಂಜೆ ಧನಪಾಲ್ ತೋಟದಿಂದ ಬರುವ ಹೊತ್ತಿಗೆ ಕ್ಯಾರಿಯರ್ ಮೇಲಿನ ಹಲಗೆಯಿಂದ ಕೆಳಗೆ ಬಂದಿತ್ತು. ಸೆಲ್ಲಮ್ಮ ಕೊಬ್ಬರಿ ಎಣ್ಣೆ ಸವರಿ ಅದರ ಕಾಗದವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದರು. ಕೆಳಗಿನ ಡಬ್ಬಿಯನ್ನು ಬೇರೆ ತೆಗೆದು ನಿತ್ಯಾಳ ಮುಂದೆ ಚಾಪೆಯ ಮೇಲೆ ಇಟ್ಟಿದ್ದರು, ಬುಧವಾರಕ್ಕೆ ಮೇಲಿನ ಎರಡು ಡಬ್ಬಿ ಸಾಕಂತೆ. ನಿತ್ಯಾ ಅದನ್ನು ನೆಲಕ್ಕೆ ಕುಟ್ಟಿ, ಸದ್ದು ಕೇಳಿ, ಮತ್ತೆ ಕುಟ್ಟಿದಳು. ಜಯಪ್ರಿಯಾ ಅವಳ ಎದುರು ಕೂತು ರಾಗಿ ಗಂಜಿ ಆರಿಸುತ್ತಾ, ಬುಧವಾರ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಮಗುವನ್ನು ಯಾವ ಹೊತ್ತಿಗೆ ಚಾಪೆಯ ಮೇಲೆ ಬಿಡಬೇಕು, ಅತ್ತೆ ಯಾವ ಹೊತ್ತಿಗೆ ಎತ್ತಿಕೊಳ್ಳಬೇಕು ಎಂದು ಯೋಚಿಸುತ್ತಿದ್ದಳು.